ರೋಮನ್ ಬೆಳ್ಳಿ ನಾಣ್ಯ: ಬೆಳ್ಳಿ ಇಳಿದ ದಾರಿ ಹಿಡಿದು ಸಂಗ್ರಹ

ರೋಮನ್ ಚಕ್ರವರ್ತಿಗಳ ಬೆಳ್ಳಿ ನಾಣ್ಯ ಕೂಡಿಡಲು ಹೊರಟವರು ಸಾಮಾನ್ಯವಾಗಿ ಒಂದು ಪಟ್ಟಿ ಹಿಡಿಯುತ್ತಾರೆ. ಒಬ್ಬೊಬ್ಬ ಚಕ್ರವರ್ತಿಗೆ ಒಂದೊಂದು ನಾಣ್ಯ. ನನಗೆ ಈ ದಾರಿ ಅಷ್ಟು ಹಿಡಿಸುವುದಿಲ್ಲ. ಕೆಲವೇ ತಿಂಗಳು ಆಳಿದವರ ನಾಣ್ಯಕ್ಕೆ ಸುಮ್ನೆ ದುಡ್ಡು ಸುರಿಯಬೇಕಾಗುತ್ತದೆ, ಕಲಿಯುವುದು ಕಡಿಮೆ. ಬೆಳ್ಳಿ ಹೇಗೆ ಕಡಿಮೆಯಾಗುತ್ತಾ ಹೋಯಿತು ಎಂದು ನೋಡುತ್ತಾ ಹೋಗಿ. ನಾಲ್ಕೈದು ಸಾಧಾರಣ ನಾಣ್ಯಗಳಲ್ಲೇ ಸುಮಾರು ಮುನ್ನೂರು ವರ್ಷದ ಕತೆ ಸಿಗುತ್ತದೆ.

ಮೊದಲ ಚಕ್ರವರ್ತಿ ಆಗಸ್ಟಸ್ ಕಾಲದ ಡೆನಾರಿಯಸ್, ಅಂದರೆ ರೋಮನ್ನರ ಸಾಮಾನ್ಯ ಬೆಳ್ಳಿ ನಾಣ್ಯ, ಹೆಚ್ಚುಕಡಿಮೆ ಶುದ್ಧ ಬೆಳ್ಳಿ. ಒಂದು ರೋಮನ್ ಪೌಂಡ್ ಬೆಳ್ಳಿಗೆ 84 ನಾಣ್ಯ, ಅಂದರೆ ಒಂದರ ತೂಕ 3.9 ಗ್ರಾಂ ಹತ್ತಿರ. ಕ್ರಿ.ಶ. 64ರ ಸುಮಾರಿಗೆ ನೀರೋ ಅದೇ ಪೌಂಡಿಗೆ 96 ನಾಣ್ಯ ಹೊಡೆಸಿದ. ಜೊತೆಗೆ ತಾಮ್ರವನ್ನೂ ಬೆರೆಸಿದ. 82ರಲ್ಲಿ ಡೊಮಿಷಿಯನ್ ಮತ್ತೆ ಶುದ್ಧ ಬೆಳ್ಳಿಗೆ ಮರಳಿದ, ಆದರೆ ಮೂರೇ ವರ್ಷಕ್ಕೆ ಕೈಬಿಟ್ಟ. ಆ ಮೂರು ವರ್ಷದ ಡೆನಾರಿಯಸ್ ಸಿಕ್ಕರೆ ಬಿಡಬೇಡಿ. ಮುಂದೆ ಸೆಪ್ಟಿಮಿಯಸ್ ಸೆವೆರಸ್ ಸೈನಿಕರ ಸಂಬಳ ಏರಿಸಿದ. ಅವನ ನಾಣ್ಯದಲ್ಲಿ ಬೆಳ್ಳಿ ಅರ್ಧದಷ್ಟಕ್ಕೆ ಬಂತು.

215ರಲ್ಲಿ ಕಾರಕಲ್ಲಾ ಹೊಸ ನಾಣ್ಯ ತಂದ. ನಾವು ಇಂದು ಅದನ್ನು ಆಂಟೋನಿನಿಯಾನಸ್ ಎನ್ನುತ್ತೇವೆ. ಅದು ಎರಡು ಡೆನಾರಿಯಸ್‌ಗೆ ಸಮ ಎಂದು ಹೆಚ್ಚಿನ ವಿದ್ವಾಂಸರು ಹೇಳುತ್ತಾರೆ, ಆದರೆ ಅದರಲ್ಲಿದ್ದ ಬೆಳ್ಳಿ ಒಂದೂವರೆ ಡೆನಾರಿಯಸ್‌ನಷ್ಟು ಮಾತ್ರ. ಗುರುತಿಸುವುದು ಸುಲಭ: ಚಕ್ರವರ್ತಿಯ ತಲೆಯ ಮೇಲೆ ಸೂರ್ಯಕಿರಣದ ಕಿರೀಟ, ರಾಣಿಯಾದರೆ ಎದೆಯ ಕೆಳಗೆ ಅರ್ಧಚಂದ್ರ. 260ರ ದಶಕದ ಕೊನೆಗೆ, ಗ್ಯಾಲಿಯೆನಸ್ ಆಳ್ವಿಕೆ ಮುಗಿಯುವ ಹೊತ್ತಿಗೆ, ಅದರಲ್ಲಿ ಶೇ. 5ರಷ್ಟೂ ಬೆಳ್ಳಿ ಉಳಿದಿರಲಿಲ್ಲ. ಒಳಗೆ ತಾಮ್ರ, ಮೇಲೆ ತೆಳುವಾದ ಬೆಳ್ಳಿಯ ಪದರ. ಆಗಸ್ಟಸ್‌ನ ಒಂದು ನಾಣ್ಯದ ಪಕ್ಕ ಇದನ್ನು ಇಟ್ಟು ನೋಡಿ, ಖಜಾನೆ ಎಷ್ಟು ಬರಿದಾಗಿತ್ತು ಎಂದು ಬೇರೆ ಯಾರೂ ಹೇಳಬೇಕಾಗಿಲ್ಲ.

ನಮ್ಮ ನಾಡಿಗೂ ಇದರಲ್ಲಿ ಪಾಲಿದೆ. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ಡೆನಾರಿಯಸ್‌ಗಳ ನಿಧಿಯೇ ಸಿಕ್ಕಿತು. ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಸಿಕ್ಕಿವೆ. ದಕ್ಷಿಣ ಭಾರತದಲ್ಲಿ ಸಿಗುವ ರೋಮನ್ ಬೆಳ್ಳಿಯಲ್ಲಿ ಆಗಸ್ಟಸ್ ಮತ್ತು ಅವನ ನಂತರ ಬಂದ ಟೈಬೀರಿಯಸ್ ನಾಣ್ಯಗಳೇ ಜಾಸ್ತಿ. ನೀರೋ ಬೆಳ್ಳಿ ಇಳಿಸಿದ ಮೇಲಿನವು ತೀರಾ ಕಡಿಮೆ. ನಮ್ಮ ವ್ಯಾಪಾರಿಗಳು ಹಳೆಯ ಶುದ್ಧ ನಾಣ್ಯವನ್ನೇ ಆರಿಸಿ ತೆಗೆದುಕೊಂಡರು ಎಂಬುದು ಇದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ. ನನಗೂ ಅದೇ ಸರಿ ಅನ್ನಿಸುತ್ತದೆ.

ಇನ್ನು ಓದುವುದು. ನಾಣ್ಯದ ಎರಡೂ ಬದಿ ಚಿತ್ರದ ಸುತ್ತಲಿನ ಅಕ್ಷರಗಳನ್ನು ನೋಡಿ ಹೆದರಬೇಡಿ, ಹೆಚ್ಚಿನವು ಹೆಸರು, ಬಿರುದುಗಳ ಚುಟುಕು ರೂಪ. ಸಿ-ಓ-ಎಸ್ (COS) ಎಂದಿದ್ದರೆ ಕಾನ್ಸಲ್ ಎಂಬ ರೋಮಿನ ಉನ್ನತ ಪದವಿ. ಪಕ್ಕದ ರೋಮನ್ ಅಂಕಿ ಎಷ್ಟನೇ ಸಲ ಎನ್ನುತ್ತದೆ. ಚಕ್ರವರ್ತಿ ಟ್ರಾಜನ್ ನಾಣ್ಯದಲ್ಲಿ ಅದು ಐದು (V) ಆಗಿದ್ದರೆ ಕಾಲ 103ರಿಂದ 111, ಆರು (VI) ಆಗಿದ್ದರೆ 112 ಅಥವಾ ನಂತರ. ಇಷ್ಟು ಕಲಿತರೆ ಅರ್ಧ ಕೆಲಸ ಮುಗಿಯಿತು.

ಕೊಳ್ಳುವಾಗ ತಕ್ಕಡಿ ಜೊತೆಗಿರಲಿ. ಇವೆಲ್ಲ ಸುತ್ತಿಗೆಯಿಂದ ಹೊಡೆದ ನಾಣ್ಯಗಳು. ಚಿತ್ರ ಒಂದು ಕಡೆಗೆ ವಾಲಿರುವುದು, ಅಂಚು ಸ್ವಲ್ಪ ಸೀಳಿರುವುದು ಸಹಜ. ಅಂಚಿನ ಸುತ್ತ ಗೆರೆ ಕಂಡರೆ, ಮೈಮೇಲೆ ಗುಳ್ಳೆಯ ಗುರುತುಗಳಿದ್ದರೆ ಅದು ಅಚ್ಚಿಗೆ ಎರಕ ಹೊಯ್ದ ನಕಲಿ ಇರಬಹುದು. ಬೆಳ್ಳಿ ತಗಡು ಹೊದಿಸಿದ ತಾಮ್ರದ ನಾಣ್ಯಗಳೂ ಇವೆ. ಅವು ರೋಮನ್ನರ ಕಾಲದಲ್ಲೇ ಆದ ಮೋಸ, ಅವನ್ನು ಇಷ್ಟಪಟ್ಟು ಸಂಗ್ರಹಿಸುವವರೂ ಇದ್ದಾರೆ.

ಮನೆಯ ಬೆಳ್ಳಿ ದೀಪ ಉಜ್ಜುವ ಹಾಗೆ ವಿಭೂತಿ, ಹುಣಸೆಹಣ್ಣು ಹಾಕಿ ಉಜ್ಜಲೇಬೇಡಿ. ಕಪ್ಪು ಛಾಯೆ ಇದ್ದರೆ ಇರಲಿ. ಎರಡು ಸಾವಿರ ವರ್ಷದ ಬೆಳ್ಳಿ ಕೆಲವೊಮ್ಮೆ ಒಳಗೇ ಪೆಡಸಾಗಿರುತ್ತದೆ, ಕೈ ಜಾರಿ ಬಿದ್ದರೆ ಮುರಿಯಬಹುದು.

ಕಾನೂನನ್ನೂ ತಿಳಿದಿರಬೇಕು. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯ ಪ್ರಕಾರ ಪ್ರಾಚ್ಯವಸ್ತು, ಖಾಸಗಿಯವರು ಅದನ್ನು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಹೊಲದಲ್ಲೋ ಪಾಯ ಅಗೆಯುವಾಗಲೋ ನಿಧಿ ಸಿಕ್ಕಿದರೆ ಜಿಲ್ಲಾಡಳಿತಕ್ಕೆ ತಿಳಿಸಬೇಕು. ಒಟ್ಟಿಗೆ ಸಿಕ್ಕ ನಾಣ್ಯಗಳು ಒಟ್ಟಿಗೇ ಉಳಿದರೆ ಮಾತ್ರ ಅವನ್ನು ಯಾವಾಗ ಹೂತಿಟ್ಟರು ಎಂದು ಲೆಕ್ಕ ಹಾಕಬಹುದು. ಬಿಡಿಬಿಡಿಯಾಗಿ ಮಾರಿಹೋದರೆ ಆ ಲೆಕ್ಕ ಮತ್ತೆ ಸಿಗುವುದಿಲ್ಲ.