ಚಳಿ ಕೊಳ್ಳಲು ಬೆಟ್ಟ ಹತ್ತಿದವರು

ಕಳೆದ ಬೇಸಿಗೆಯಲ್ಲಿ ಗೆಳೆಯನೊಬ್ಬ ನೀಲಗಿರಿ ಬೆಟ್ಟದ ಕೋಟಗಿರಿ ಹತ್ತಿರ ಮನೆ ನೋಡಲು ಹೊರಟಾಗ ನಾನೂ ಜೊತೆಗೆ ಹೋದೆ. ಏಪ್ರಿಲ್ ಬಂತೆಂದರೆ ಬೆಂಗಳೂರಿನಲ್ಲಿ ಫ್ಯಾನ್ ಕೆಳಗೂ ನಿದ್ದೆ ಬರಲ್ಲ, ಅಲ್ವಾ? ಮೇಲೆ ಹೋದರೆ ಸ್ವೆಟರ್ ಬೇಕು. ಮನೆ ತುಂಬಾ ಚೆನ್ನಾಗಿತ್ತು. ಹಾಲ್‌ನ ಒಂದು ಗೋಡೆ ಪೂರ್ತಿ ಗಾಜು. ಆಚೆ ಟೀ ತೋಟ, ಕಣಿವೆ, ತೇಲುವ ಮಂಜು. ಮೂಲೆಯಲ್ಲಿ ಕಲ್ಲಿನ ಫೈರ್‌ಪ್ಲೇಸ್.

ಎಲ್ಲರೂ ಗಾಜಿನ ಮುಂದೆ ನಿಂತಿದ್ದಾಗ ನಾನು ಮನೆಯ ಹಿಂದಕ್ಕೆ ಹೋದೆ. ಬೆಟ್ಟವನ್ನು ನೆಟ್ಟಗೆ ಕಡಿದು ಜಾಗ ಸಮ ಮಾಡಿದ್ದರು. ಕಡಿದ ಮಣ್ಣಿಗೆ ಒತ್ತಿಕೊಂಡಂತೆ ಎತ್ತರದ ತಡೆಗೋಡೆ. ಮಣ್ಣೊಳಗಿನ ಮಳೆನೀರು ಹೊರಗೆ ಬರಲಿ ಅಂತ ಇಂಥ ಗೋಡೆಯಲ್ಲಿ ಸಣ್ಣ ಪೈಪುಗಳನ್ನು ಬಿಡುತ್ತಾರೆ. ಇಲ್ಲಿ ಅರ್ಧಕ್ಕರ್ಧ ಪೈಪುಗಳ ಬಾಯಿ ಸಿಮೆಂಟ್ ಮೆತ್ತಿಕೊಂಡು ಮುಚ್ಚಿಹೋಗಿತ್ತು. ನೀರು ಹೊರಗೆ ಬರದಿದ್ದರೆ ಮಣ್ಣು ಭಾರವಾಗಿ ಗೋಡೆಯನ್ನು ತಳ್ಳುತ್ತದೆ. ಒಂದು ದಿನದ ಮಳೆಗೆ ಏನೂ ಆಗದಿರಬಹುದು. ಮೂರು ದಿನ ಬಿಡದೆ ಸುರಿದರೆ?

ಬಿಸಿಲಿಗೆ ಹೆದರಿ ಈ ಬೆಟ್ಟ ಹತ್ತುವುದು ಹೊಸದೇನಲ್ಲ. ಟಿಪ್ಪುವಿನ ಕೈಯಲ್ಲಿದ್ದ ನೀಲಗಿರಿ 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈಸ್ಟ್ ಇಂಡಿಯಾ ಕಂಪನಿಗೆ ಹೋಯಿತು. 1819ರಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸುಲಿವನ್ ಮೇಲಕ್ಕೆ ಬಂದ. ಕೋಟಗಿರಿ ಪಕ್ಕದ ದಿಂಬಹಟ್ಟಿಯಲ್ಲಿ ಮನೆ ಕಟ್ಟಿಸಿದ. ಆ ಹೆಸರಲ್ಲಿರುವ ‘ಹಟ್ಟಿ’ ನಮ್ಮ ಹಟ್ಟಿಯೇ. ಅಲ್ಲಿನ ಬಡಗರ ಮಾತು ಕನ್ನಡಕ್ಕೆ ತೀರಾ ಹತ್ತಿರ. ಬಡಗಣ ದಿಕ್ಕಿನಿಂದ, ಅಂದರೆ ಮೈಸೂರು ಸೀಮೆ ಕಡೆಯಿಂದ ಬಂದವರು ಅನ್ನುವುದಕ್ಕೇ ಅವರಿಗೆ ಆ ಹೆಸರು.

ಆಮೇಲೆ ಸುಲಿವನ್ ಊಟಿಯಲ್ಲಿ ಕಲ್ಲಿನ ಬಂಗಲೆ ಕಟ್ಟಿಸಲು ಶುರುಮಾಡಿದ್ದು 1822ರಲ್ಲಿ. ಅದು ಈಗಲೂ ಸರ್ಕಾರಿ ಕಾಲೇಜಿನ ಆವರಣದಲ್ಲಿದೆ. ಜಾಗ ಬೆಟ್ಟದ ಆದಿವಾಸಿಗಳಾದ ತೋಡರದು. ಎಕರೆಗೆ ಒಂದು ರೂಪಾಯಿಯಂತೆ ಕೊಂಡ ಅನ್ನುವ ಮಾತಿದೆ. ತೋಡರಿಗೆ ಅದು ಎಮ್ಮೆ ಮೇಯುವ ಹುಲ್ಲುಗಾವಲು, ದೇವರಿರುವ ನೆಲ. ಕೊಂಡವನಿಗೆ ತಂಪು ಗಾಳಿ ಬೀಸುವ ಖಾಲಿ ಜಾಗ. ಇವತ್ತಿನ ಜಾಹೀರಾತುಗಳೂ ಬೆಟ್ಟವನ್ನು ಖಾಲಿ ಅಂತಲೇ ತೋರಿಸುತ್ತವೆ. ನನಗೆ ಇದರಲ್ಲಿ ತುಂಬಾ ನೋವಾಗುವ ವಿಷಯ ಅದೇ.

ದೊರೆಗಳ ಹಿಂದೆ ಅರಸರೂ ಬಂದರು. ಮೈಸೂರು ಮಹಾರಾಜರಿಗೆ ಫರ್ನ್‌ಹಿಲ್ ಅರಮನೆ ಬೇಸಿಗೆ ಮನೆಯಾಯಿತು. ಜೋಧಪುರ, ಬರೋಡಾ, ಹೈದರಾಬಾದಿನವರೂ ಮನೆ ಮಾಡಿಕೊಂಡರು. ಮದ್ರಾಸ್ ಸರ್ಕಾರವೇ ಬೇಸಿಗೆಯಲ್ಲಿ ಕಡತಗಳ ಸಮೇತ ಮೇಲಕ್ಕೆ ಬರತೊಡಗಿತು. ಪುಟಾಣಿ ರೈಲು 1899ರಲ್ಲಿ ಕೂನೂರಿಗೆ, 1908ರಲ್ಲಿ ಊಟಿಗೆ ಮುಟ್ಟಿತು.

ಇಷ್ಟು ಮನೆಗಳ ಫೈರ್‌ಪ್ಲೇಸ್‌ಗೆ ಸೌದೆ ಎಲ್ಲಿಂದ ಬರಬೇಕು? ಇಡೀ ಕಥೆ ಹೊರಳುವುದು ಈ ಪ್ರಶ್ನೆಯಲ್ಲೇ. ನೀಲಗಿರಿಯ ಮೇಲ್ಭಾಗ ಮೊದಲು ಹೀಗಿರಲಿಲ್ಲ. ಬೋಳು ಗುಡ್ಡಗಳ ತುಂಬ ಹುಲ್ಲು. ಮಡಿಕೆ ಮಡಿಕೆಯಲ್ಲಿ ಗಿಡ್ಡ ಮರಗಳ ಶೋಲಾ ಕಾಡು. ಮಳೆನೀರನ್ನು ಹುಲ್ಲು ಮತ್ತು ಶೋಲಾದ ನೆಲ ಸ್ಪಂಜಿನ ಹಾಗೆ ಹೀರಿಕೊಂಡು, ಬೇಸಿಗೆಯುದ್ದಕ್ಕೂ ತೊಟ್ಟು ತೊಟ್ಟಾಗಿ ತೊರೆಗಳಿಗೆ ಬಿಡುತ್ತಿದ್ದವು. ಬಂಗಲೆಗಳ ಒಲೆಗೆ ಮೊದಲು ಬಲಿಯಾದದ್ದು ಶೋಲಾ ಮರ. ಅದು ನಿಧಾನವಾಗಿ ಬೆಳೆಯುತ್ತದೆ, ಕಡಿದಷ್ಟು ಬೇಗ ಬರುವುದಿಲ್ಲ. ಹಾಗಾಗಿ 1840ರ ದಶಕದಿಂದ ಆಸ್ಟ್ರೇಲಿಯಾದ ಮರಗಳನ್ನು ತಂದು ನೆಟ್ಟರು. ಸಸಿಗಳು ಸರಸರ ಬೆಳೆದವು, ಹುಲ್ಲುಗಾವಲನ್ನೇ ನುಂಗಿದವು. ಆ ಮರಕ್ಕೆ ನಾವು ಕನ್ನಡದಲ್ಲಿ ಏನಂತೀವಿ? ನೀಲಗಿರಿ ಮರ! ಎಲ್ಲಿಂದಲೋ ಬಂದ ಮರ ಬೆಟ್ಟದ ಹೆಸರನ್ನೇ ಇಟ್ಟುಕೊಂಡುಬಿಟ್ಟಿದೆ. ಅದು ಜಾಸ್ತಿ ನೀರು ಕುಡಿಯುತ್ತದೆ. ಮರ ದಟ್ಟವಾದ ಕಡೆ ತೊರೆಗಳು ಸೊರಗಿದವು.

ಸ್ವಾತಂತ್ರ್ಯ ಬಂದ ಮೇಲೆ ಕೆಲವು ಅರಮನೆಗಳು ಹೋಟೆಲಾದವು. ದೊಡ್ಡ ಬಂಗಲೆಗಳ ಸುತ್ತಲಿನ ಜಾಗ ತುಂಡು ತುಂಡಾಗಿ ಮಾರಾಟವಾಯಿತು. ಟೀ ತೋಟದ ಇಳಿಜಾರೂ ಸೈಟ್ ಆಯಿತು. ತಮಿಳುನಾಡು ಸರ್ಕಾರ ಗಿರಿಪ್ರದೇಶ ಸಂರಕ್ಷಣಾ ಪ್ರಾಧಿಕಾರ ಮಾಡಿದ್ದು 1990ರಲ್ಲಿ. ಕಟ್ಟಡ 7 ಮೀಟರ್‌ಗಿಂತ ಎತ್ತರ ಏಳಬಾರದು ಎಂಬಂಥ ಕಟ್ಟುಪಾಡು ಬಂದದ್ದು 1993ರಲ್ಲಿ. ಜೆಸಿಬಿ ಇಳಿಸಲೂ ಅನುಮತಿ ಬೇಕು. ನಿಯಮ ಒಳ್ಳೆಯವೇ. ಆದರೆ ಅವು ಬರುವ ಹೊತ್ತಿಗೆ ಎಷ್ಟೋ ಬೆಟ್ಟ ಕಡಿದಾಗಿತ್ತು.

2009ರ ನವೆಂಬರ್‌ನಲ್ಲಿ ಹಿಂಗಾರು ಮಳೆ ಎಡೆಬಿಡದೆ ಸುರಿದು ನೀಲಗಿರಿಯ ಎಷ್ಟೋ ಕಡೆ ಗುಡ್ಡ ಜಾರಿತು. 40ಕ್ಕೂ ಹೆಚ್ಚು ಜನ ಸತ್ತರು. 2018ರ ಆಗಸ್ಟ್‌ನಲ್ಲಿ ನಮ್ಮ ಕೊಡಗಿನ ಜೋಡುಪಾಲ, ಮಕ್ಕಂದೂರು. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲ. ಅಲ್ಲಿ 200ಕ್ಕೂ ಹೆಚ್ಚು ಜೀವ ಹೋಯಿತು. ಎಲ್ಲ ಕುಸಿತಕ್ಕೂ ಮನೆ ಕಟ್ಟಿದ್ದೇ ಕಾರಣ ಅಂತ ನಾನು ಹೇಳುತ್ತಿಲ್ಲ. ಮಳೆ ಸುರಿದ ರೀತಿಯೇ ಭಯಂಕರವಾಗಿತ್ತು. ಆದರೆ ಕಡಿದ ಇಳಿಜಾರಿಗೆ ಅಂಥ ಮಳೆ ತಡೆಯುವ ಶಕ್ತಿ ಇನ್ನೂ ಕಡಿಮೆ.

ಆನೆಗಳದ್ದು ಇನ್ನೊಂದು ಪಾಡು. ಮಸಿನಗುಡಿ ಕಡೆಯ ಸಿಗೂರು ಬಯಲಿನಲ್ಲಿ ಅವು ಓಡಾಡುವ ದಾರಿಗೇ ರೆಸಾರ್ಟ್‌ಗಳು ಎದ್ದಿದ್ದವು. ಆನೆ ದಾರಿ ಬಿಟ್ಟುಕೊಡಬೇಕು ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು. ಊಟಿಗೆ ಹೋಗುವ ಗಾಡಿಗಳಿಗೆ 2024ರ ಮೇ 7ರಿಂದ ಇ-ಪಾಸ್ ಬಂತು.

ಇತ್ತ ನಮ್ಮಲ್ಲಿ, ಕೃಷಿಕರಲ್ಲದವರು ಕೃಷಿ ಭೂಮಿ ಕೊಳ್ಳದಂತೆ ಇದ್ದ ತಡೆ 2020ರ ತಿದ್ದುಪಡಿಯಲ್ಲಿ ಹೋಯಿತು. ಮಲೆನಾಡಿನ ಇಳಿಜಾರುಗಳಿಗೂ ಪೇಟೆಯ ದುಡ್ಡು ಬರಲು ದಾರಿ ಇನ್ನಷ್ಟು ಸಲೀಸಾಯಿತು. ನೀಲಗಿರಿಯಲ್ಲಿ ಇನ್ನೂರು ವರ್ಷದಲ್ಲಿ ಆದದ್ದು ಇಲ್ಲಿ ಇಪ್ಪತ್ತೇ ವರ್ಷದಲ್ಲಿ ಆಗಿಬಿಡಬಹುದು ಅನ್ನುವ ಭಯ ನನಗಿದೆ.

ಕೋಟಗಿರಿಯ ಆ ಮನೆಯಲ್ಲಿ ಗೆಳೆಯನನ್ನು ಹಿಂದಕ್ಕೆ ಕರೆದು ಪೈಪುಗಳನ್ನು ತೋರಿಸಿದೆ. ಅವನು ಒಂದು ಪೈಪಿಗೆ ಬೆರಳು ಹಾಕಿ ನೋಡಿದ. ಗಟ್ಟಿ ಸಿಮೆಂಟ್. ಮನೆ ನೋಡಿಕೊಳ್ಳುವ ಬಡಗರ ಹಿರಿಯರನ್ನು ಕೇಳಿದ, ‘ಅಣ್ಣಾ, ಬೇಸಿಗೆಯಲ್ಲಿ ನೀರು ಹೇಗೆ?’ ಅವರು ರಸ್ತೆ ಕಡೆ ಕೈ ತೋರಿಸಿದರು. ಟ್ಯಾಂಕರ್ ಲಾರಿಯೊಂದು ಏದುಸಿರು ಬಿಡುತ್ತಾ ತಿರುವು ಹತ್ತುತ್ತಿತ್ತು.

ಅಡ್ವಾನ್ಸ್ ಕೊಡಲು ತಂದಿದ್ದ ಚೆಕ್ ಪುಸ್ತಕವನ್ನು ಅವನು ಹೊರಗೆ ತೆಗೆಯಲಿಲ್ಲ. ನವೆಂಬರ್‌ನಲ್ಲಿ, ಮಳೆ ಜೋರಾಗಿರುವಾಗ, ಇನ್ನೊಮ್ಮೆ ಬಂದು ಈ ಗೋಡೆ ನೋಡೋಣ ಅಂದ.