ಗೆಲಿಲಿಯೊ ಮತ್ತು ಚರ್ಚ್: ನಿಜವಾದ ಜಗಳ ಯಾವುದಕ್ಕೆ?

ಕೋಲಾರದಲ್ಲಿ ನಮ್ಮ ಜೊತೆ ಯುರೋಪಿನ ಇತಿಹಾಸ ಓದುತ್ತಿರುವವರಿಗೆ ಈ ಟಿಪ್ಪಣಿ. ‘ಚರ್ಚ್ ಮತ್ತು ವಿಜ್ಞಾನ’ ಅಂತ ಪ್ರಶ್ನೆ ಬಂದರೆ ಎಲ್ಲರೂ ಬರೆಯುವುದು ಒಂದೇ: ಭೂಮಿ ಸೂರ್ಯನ ಸುತ್ತ ಸುತ್ತುತ್ತದೆ ಎಂಬ ಸತ್ಯವನ್ನು ಇಟಲಿಯ ವಿಜ್ಞಾನಿ ಗೆಲಿಲಿಯೊ ಹೇಳಿದ, ಪೋಪರ ಕ್ಯಾಥೊಲಿಕ್ ಚರ್ಚ್ ಬಾಯಿ ಮುಚ್ಚಿಸಿತು. ಸುಳ್ಳಲ್ಲ, ಆದರೆ ಅರ್ಧ ಉತ್ತರ.

ಇಸವಿಗಳನ್ನು ನೋಡಿ. ಗೆಲಿಲಿಯೊಗಿಂತ ಮೊದಲೇ ಅದೇ ಮಾತು ಹೇಳಿದ ಕೊಪರ್ನಿಕಸ್‌ನ ಪುಸ್ತಕ ಬಂದದ್ದು 1543ರಲ್ಲಿ. ಅವನೇ ಚರ್ಚಿನ ಕೆಲಸದಲ್ಲಿದ್ದವನು. ಪುಸ್ತಕಕ್ಕೆ ತಡೆ ಬಿದ್ದದ್ದು 1616ರಲ್ಲಿ. 73 ವರ್ಷ ಸುಮ್ನೆ ಇದ್ದವರಿಗೆ ಆಮೇಲೆ ಏನಾಯಿತು?

ಉತ್ತರ ಆಕಾಶದಲ್ಲಿಲ್ಲ, ಬೈಬಲ್ಲಿನ ಸುತ್ತ ಇದೆ. 1517ರಿಂದ ಪ್ರಾಟೆಸ್ಟೆಂಟ್ ಪಂಥಕ್ಕೆ ನಾಂದಿ ಹಾಡಿದ ಲೂಥರ್ ಪೋಪರ ಅಧಿಕಾರವನ್ನೇ ಪ್ರಶ್ನಿಸಿದ್ದ. ಅದಕ್ಕೆ ಪ್ರತಿಯಾಗಿ 1546ರಲ್ಲಿ ಟ್ರೆಂಟ್ ಊರಿನಲ್ಲಿ ಸೇರಿದ ಚರ್ಚಿನ ಮಹಾಸಭೆ, ಬೈಬಲ್ಲಿಗೆ ಅರ್ಥ ಹೇಳುವ ಹಕ್ಕು ಚರ್ಚಿನದ್ದು ಎಂದು ಗೆರೆ ಎಳೆಯಿತು. ಗೆಲಿಲಿಯೊ 1613 ಮತ್ತು 1615ರ ಪತ್ರಗಳಲ್ಲಿ ಆ ಗೆರೆಯನ್ನೇ ತುಳಿದ. ಯೆಹೋಶುವನ ಮಾತಿಗೆ ಸೂರ್ಯ ನಿಂತನೆಂಬ ಬೈಬಲ್ ಪ್ರಸಂಗಕ್ಕೆ ತಾನೇ ಅರ್ಥ ಹೇಳಿದ. ಪಾದ್ರಿಯಲ್ಲದ ಒಬ್ಬ ಗಣಿತದವನು! ಚುಚ್ಚಿದ್ದು ಅದು.

ಇನ್ನೊಂದು ವಿಷಯವನ್ನು ಜಾಸ್ತಿ ಜನ ಬಿಟ್ಟುಬಿಡುತ್ತಾರೆ. 1615ರಲ್ಲಿ ಕಾರ್ಡಿನಲ್ ಬೆಲ್ಲಾರ್ಮಿನ್ ಒಂದು ಪತ್ರ ಬರೆದರು. ಖಚಿತ ಪುರಾವೆ ಸಿಕ್ಕರೆ ಬೈಬಲ್ ವಚನಗಳ ಅರ್ಥವನ್ನು ಮತ್ತೆ ಯೋಚಿಸಬೇಕಾಗುತ್ತದೆ, ಆದರೆ ಅಂಥ ಪುರಾವೆ ನನಗೆ ಯಾರೂ ತೋರಿಸಿಲ್ಲ ಎನ್ನುವುದು ಅದರ ಸಾರ. ನಿಜಕ್ಕೂ ಪುರಾವೆ ಸಾಲದಾಗಿತ್ತು. ಚಂದ್ರನಂತೆ ಶುಕ್ರಗ್ರಹವೂ ತೋರಿಸುವ ವೃದ್ಧಿ-ಕ್ಷಯಗಳು, ಎಲ್ಲವೂ ಭೂಮಿಯನ್ನೇ ಸುತ್ತುತ್ತವೆ ಎಂಬ ಟಾಲೆಮಿಯ ಹಳೆಯ ಲೆಕ್ಕವನ್ನು ಕೆಡವಿದವು. ಆದರೆ ಗ್ರಹಗಳು ಸೂರ್ಯನನ್ನೂ ಸೂರ್ಯ ಭೂಮಿಯನ್ನೂ ಸುತ್ತುತ್ತದೆ ಎಂಬ ಟೈಕೊ ಬ್ರಾಹೆಯ ಲೆಕ್ಕಕ್ಕೆ ಹೊಂದುತ್ತಿದ್ದವು. ಭೂಮಿ ಚಲಿಸುತ್ತದೆ ಎನ್ನಲು ಸಮುದ್ರದ ಉಬ್ಬರವಿಳಿತದಿಂದ ಗೆಲಿಲಿಯೊ ಕಟ್ಟಿದ ವಾದವಂತೂ ತಪ್ಪೇ.

ಹಾಗಂತ ಚರ್ಚಿನ ಪರ ವಕಾಲತ್ತು ಬೇಡ. ಪುರಾವೆ ಸಾಲದು ಅನ್ನುವುದು ಬೇರೆ. 1633ರ ಜೂನ್ 22ರಂದು ಎಪ್ಪತ್ತರ ಹತ್ತಿರದ ಮುದುಕ ಗೆಲಿಲಿಯೊನನ್ನು ಮಂಡಿಯೂರಿಸಿ, ಹೇಳಿದ್ದು ತಪ್ಪು ಎಂದು ಅವನ ಬಾಯಿಂದಲೇ ಹೇಳಿಸುವುದು ಬೇರೆ. 1642ರಲ್ಲಿ ಸಾಯುವವರೆಗೂ ಅವನಿಗೆ ಗೃಹಬಂಧನ.

ಇದೇ ಚರ್ಚಿಗೆ ಖಗೋಳಶಾಸ್ತ್ರ ಬೇಕೇಬೇಕಿತ್ತು. ನಮ್ಮ ಯುಗಾದಿಯಂತೆ ಈಸ್ಟರ್ ತಾರೀಖೂ ವರ್ಷವರ್ಷ ಬದಲಾಗುತ್ತದೆ, ಸೂರ್ಯ ಚಂದ್ರರ ಲೆಕ್ಕ ಹಾಕಬೇಕು. 1582ರಲ್ಲಿ ಪೋಪ್ ಗ್ರೆಗೊರಿ ಕ್ಯಾಲೆಂಡರ್ ತಿದ್ದಿಸಿದರು. ಅಕ್ಟೋಬರ್ 4ರ ಮರುದಿನವೇ 15! 1655ರಲ್ಲಿ ಖಗೋಳ ವಿಜ್ಞಾನಿ ಕ್ಯಾಸಿನಿ, ಪೋಪರ ಆಳ್ವಿಕೆಯಲ್ಲಿದ್ದ ಬೊಲೊನ್ಯದ ದೊಡ್ಡ ಚರ್ಚಿನ ನೆಲದ ಮೇಲೆ ಉದ್ದದ ಗೆರೆ ಹಾಕಿಸಿದ. ಚಾವಣಿಯ ತೂತಿನಿಂದ ಬಿಸಿಲಿನ ಬಿಲ್ಲೆ ಮಧ್ಯಾಹ್ನ ಆ ಗೆರೆ ದಾಟುತ್ತದೆ. ಬಿಲ್ಲೆಯ ಗಾತ್ರ ಚಳಿಗಾಲದಿಂದ ಬೇಸಿಗೆಗೆ ಎಷ್ಟು ಬದಲಾಗುತ್ತದೆ ಎಂದು ಅಳೆದಾಗ ಅದು ಸೂರ್ಯ-ಭೂಮಿ ದೂರದ ಏರಿಳಿತಕ್ಕೆ, ಸೂರ್ಯಕೇಂದ್ರವನ್ನು ಒಪ್ಪಿದ್ದ ಕೆಪ್ಲರ್ ಹಾಕಿದ್ದ ಲೆಕ್ಕಕ್ಕೆ ಹೊಂದಿತು. ಗೆಲಿಲಿಯೊ ಸತ್ತು ಆಗಿನ್ನೂ 13 ವರ್ಷ, ಅದೂ ಚರ್ಚಿನೊಳಗೇ!

ನಮ್ಮ ಕೋಲಾರದ ಮೆಥಡಿಸ್ಟರು ಪ್ರಾಟೆಸ್ಟೆಂಟರು, ಪೋಪರ ಅಧಿಕಾರ ಒಪ್ಪುವವರಲ್ಲ. ಆದರೂ ಅವರು ಈಸ್ಟರ್ ಮಾಡುವುದು ಗ್ರೆಗೊರಿಯ ಲೆಕ್ಕದಲ್ಲೇ. ಅಧಿಕಾರ ಬೇರೆ, ಲೆಕ್ಕ ಬೇರೆ ಅನ್ನುವುದಕ್ಕೆ ಇಷ್ಟು ಹತ್ತಿರದ ಉದಾಹರಣೆ ಬೇಕಾ?

ಉತ್ತರಕ್ಕೆ ಉಲ್ಟಾ ಉದಾಹರಣೆಯೊಂದನ್ನೂ ಸೇರಿಸಿ, ಇಲ್ಲಿ ವಿಜ್ಞಾನವನ್ನು ತಮ್ಮ ಪರ ಎಳೆದುಕೊಂಡದ್ದು ಪೋಪರೇ. ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲಿ ಬರೆದ ಬೆಲ್ಜಿಯಂನ ವಿಜ್ಞಾನಿ ಲೆಮೈತ್ರ್ ಸ್ವತಃ ಪಾದ್ರಿ. 1951ರಲ್ಲಿ 12ನೇ ಪಿಯುಸ್ ಪೋಪರು, ಹೊಸ ವಿಜ್ಞಾನ ದೇವರ ಸೃಷ್ಟಿಗೆ ಸಾಕ್ಷಿ ಹೇಳುತ್ತಿದೆ ಎಂಬಂತೆ ಮಾತಾಡಿದರು. ವಿಜ್ಞಾನವನ್ನೂ ನಂಬಿಕೆಯನ್ನೂ ಹೀಗೆ ಬೆರೆಸುವುದು ಲೆಮೈತ್ರ್‌ಗೆ ಹಿಡಿಸಲಿಲ್ಲ. ಮರುವರ್ಷ ಖಗೋಳ ವಿಜ್ಞಾನಿಗಳ ಮುಂದೆ ನಿಂತಾಗ ಪೋಪರು ಆ ಮಾತನ್ನು ಮತ್ತೆ ಎತ್ತಲಿಲ್ಲ.