ವಿಮಾನ ನಿಲ್ಲಿಸುವ ತಾರೀಖುಗಳು: ಪಿಂಚಣಿ, ಮುಷ್ಕರ ಮತ್ತು ಕಾಸರಗೋಡಿನ ಪ್ರಯಾಣಿಕ

ಹರತಾಳದ ದಿನ ಕಾಸರಗೋಡಿನಿಂದ ಗಲ್ಫಿಗೆ ಹೊರಟವರ ಕಾರಿನ ಮುಂದಿನ ಗಾಜಿಗೆ ಒಂದು ಬಿಳಿ ಕಾಗದ ಅಂಟಿಸಿರುತ್ತದೆ: ‘ಏರ್‌ಪೋರ್ಟ್’. ಹಾಲು, ಪತ್ರಿಕೆ, ಆಸ್ಪತ್ರೆಯ ವಾಹನಗಳ ಹಾಗೆ ಇದನ್ನೂ ತಡೆಯದೆ ಬಿಡುವುದು ಇಲ್ಲಿನ ರೂಢಿ. ಉಪ್ಪಳ, ಮಂಜೇಶ್ವರ ಕಳೆದು ಗಡಿಯ ತಲಪಾಡಿ ದಾಟಿದರೆ ಮತ್ತೆ ಮಂಗಳೂರು ವಿಮಾನ ನಿಲ್ದಾಣವಿರುವ ಬಜ್ಪೆಯವರೆಗೆ ಚಿಂತೆಯಿಲ್ಲ. ಆದರೆ ಮುಷ್ಕರ ನಿಲ್ದಾಣದ ಒಳಗೇ ಆದರೆ ಆ ಕಾಗದ ಏನೂ ಮಾಡಲಾರದು. ರಸ್ತೆ ತೆರೆದಿರುತ್ತದೆ, ಟಿಕೆಟ್ ಕೈಯಲ್ಲಿರುತ್ತದೆ, ವಿಮಾನ ಕಣ್ಣೆದುರೇ ನಿಂತಿರುತ್ತದೆ. ಹೊರಡುವುದು ಮಾತ್ರ ಇಲ್ಲ.

2025ರಲ್ಲಿ ಬೆಲ್ಜಿಯಂನ ಬ್ರಸೆಲ್ಸ್ ನಿಲ್ದಾಣದಲ್ಲಿ ಹೀಗೆಯೇ ಆಯಿತು. ಮಾರ್ಚ್ 31, ಅಕ್ಟೋಬರ್ 14, ನವೆಂಬರ್ 26: ಈ ಮೂರು ದಿನ ಅಲ್ಲಿಂದ ಒಂದೂ ಪ್ರಯಾಣಿಕ ವಿಮಾನ ಹೊರಡಲಿಲ್ಲ. ಹೊಸ ಸರ್ಕಾರ ತಂದ ಪಿಂಚಣಿ ಬದಲಾವಣೆಯೇ ಮುಷ್ಕರದ ದೊಡ್ಡ ಕಾರಣ. ಬೇಗ ನಿವೃತ್ತರಾಗುವವರ ಪಿಂಚಣಿಗೆ ಕತ್ತರಿ ಬೀಳುವುದು ಅದರಲ್ಲಿ ಮುಖ್ಯವಾದದ್ದು. ಗಮನಿಸಬೇಕಾದ್ದು ಇಷ್ಟು: ನಿಂತದ್ದು ಮುಖ್ಯವಾಗಿ ಹೊರಡುವ ವಿಮಾನಗಳು. ಹೊರಡುವವನ ಮೈ, ಚೀಲ ತಪಾಸಣೆಯಾಗದೆ ವಿಮಾನ ಹತ್ತುವಂತಿಲ್ಲ. ಆ ತಪಾಸಣೆ ಮಾಡುವವರು ಗುತ್ತಿಗೆ ಕಂಪನಿಯ ನೌಕರರು, ಅವರು ಕೆಲಸಕ್ಕೆ ಬರಲಿಲ್ಲ. ಬಂದಿಳಿಯುವವನಿಗೆ ಆ ತಪಾಸಣೆ ಬೇಡ. ಹಾಗಾಗಿ ಪೈಲಟ್ಟು, ವಿಮಾನ, ಇಂಧನ ಎಲ್ಲ ಇದ್ದೂ ನಿಲ್ದಾಣದ ಒಂದು ಬಾಗಿಲು ಮುಚ್ಚಿಹೋಯಿತು.

ಯಾರು ಕೈ ಬಿಟ್ಟರೆ ಯಾವುದು ನಿಲ್ಲುತ್ತದೆ ಎಂಬುದರ ಮೇಲೆ ಪ್ರಯಾಣಿಕನ ಪಾಡು ನಿಂತಿದೆ. ಅಗ್ನಿಶಾಮಕ ಸಿಬ್ಬಂದಿಯನ್ನೇ ನೋಡಿ. ವಿಮಾನದ ಉದ್ದ, ಅಗಲ ನೋಡಿ ನಿಲ್ದಾಣಕ್ಕೆ ಅಗ್ನಿಶಾಮಕ ದರ್ಜೆ ಗೊತ್ತುಮಾಡುತ್ತಾರೆ. ಏರ್‌ಬಸ್ 320ಕ್ಕೆ 6ನೇ ದರ್ಜೆ ಸಾಕು, ಅದಕ್ಕಿಂತ ಎರಡು ಮೀಟರಿನಷ್ಟು ಉದ್ದವಿರುವ ಬೋಯಿಂಗ್ 737-800ಕ್ಕೆ 7ನೆಯದು ಬೇಕು. ಕರೆ ಬಂದರೆ ಮೂರು ನಿಮಿಷದೊಳಗೆ ರನ್‌ವೇಯ ಕೊನೆಗೂ ತಲುಪುವಷ್ಟು ಗಾಡಿ, ಜನ ಇರಲೇಬೇಕು. ಒಂದು ಪಾಳಿಯಲ್ಲಿ ಜನ ಕಡಿಮೆಯಾದರೆ ದರ್ಜೆ ಇಳಿಯುತ್ತದೆ, ದೊಡ್ಡ ವಿಮಾನಗಳಿಗೆ ಅಲ್ಲಿ ಇಳಿಯಲು ಅವಕಾಶವಿಲ್ಲ. 2008ರ ಜನವರಿಯಲ್ಲಿ ಬ್ರಿಟನ್ನಿನ ಏಳು ನಿಲ್ದಾಣಗಳಲ್ಲಿ ಮುಷ್ಕರದ ದಿನ ಗೊತ್ತಾದಾಗ ಆಡಳಿತ ಬೆದರಿದ್ದಕ್ಕೆ ಇದೂ ಒಂದು ಕಾರಣ. ಕೊನೆಯ ಸಂಬಳದ ಆಧಾರದ ಪಿಂಚಣಿಯನ್ನು ಹೊಸದಾಗಿ ಸೇರುವವರಿಗೆ ಕೊಡುವುದಿಲ್ಲ ಎಂದು ಆ ನಿಲ್ದಾಣಗಳನ್ನು ನಡೆಸುತ್ತಿದ್ದ ಕಂಪನಿ ತೀರ್ಮಾನಿಸಿತ್ತು. ಮಾತುಕತೆಯಾಗಿ ಆ ಮುಷ್ಕರ ನಡೆಯಲೇ ಇಲ್ಲ.

‘ಹೊಸದಾಗಿ ಸೇರುವವರಿಗೆ’ ಎಂಬ ಆ ಮಾತಿನಲ್ಲೇ ಎಲ್ಲ ಇದೆ. ಪಿಂಚಣಿ ಬದಲಿಸುವ ಸರ್ಕಾರ, ಕಂಪನಿಗಳು ಇದ್ದವರದನ್ನು ಕಿತ್ತುಕೊಳ್ಳುವುದು ಕಡಿಮೆ. ಒಂದು ತಾರೀಖು ಗೆರೆ ಎಳೆದು, ಅದರ ಆಚೆ ಬಂದವರಿಗೆ ಬೇರೆ ನಿಯಮ ಮಾಡುತ್ತಾರೆ. ಗೆರೆ ಎಳೆದ ದಿನ ಗದ್ದಲ ಆದರೂ ಬೇಗ ತಣ್ಣಗಾಗುತ್ತದೆ. ಯಾಕೆಂದರೆ ನಷ್ಟ ಆಗಬೇಕಾದವರು ಇನ್ನೂ ಕೆಲಸಕ್ಕೇ ಸೇರಿರುವುದಿಲ್ಲ. ಇಪ್ಪತ್ತು ವರ್ಷ ಕಳೆದು ಅವರೇ ಹೆಚ್ಚಿನವರಾದಾಗ ನಿಜವಾದ ಲೆಕ್ಕ ಎದುರು ಬರುತ್ತದೆ.

ಕಾಸರಗೋಡಿನವರಿಗೆ ಈ ಗೆರೆ ಹೊಸತಲ್ಲ. ಕೇಂದ್ರ ಸರ್ಕಾರದ ಗೆರೆ 2004ರ ಜನವರಿ 1. ತಲಪಾಡಿಯ ಆಚೆ ಕರ್ನಾಟಕದ್ದು 2006ರ ಏಪ್ರಿಲ್ 1. ಈಚೆ ಕೇರಳದ್ದು 2013ರ ಏಪ್ರಿಲ್ 1. ಮಲಯಾಳದಲ್ಲಿ ‘ಪಂಗಾಳಿತ್ತ ಪೆನ್ಷನ್’ ಎನ್ನುವ ಈ ಪಾಲುದಾರಿಕೆ ಪಿಂಚಣಿಯ ವಿರುದ್ಧ 2013ರ ಜನವರಿಯಲ್ಲಿ ಕೇರಳದ ನೌಕರರು, ಅಧ್ಯಾಪಕರು ಆರು ದಿನ ಮುಷ್ಕರ ಹೂಡಿದ್ದರು. ಇವತ್ತು ಇಲ್ಲಿನ ಕನ್ನಡ ಶಾಲೆಯ ಒಂದೇ ಸ್ಟಾಫ್ ರೂಮಿನಲ್ಲಿ, ಒಂದೇ ಪಾಠ ಮಾಡುವ ಇಬ್ಬರಲ್ಲಿ ಒಬ್ಬರಿಗೆ 56ಕ್ಕೆ ನಿವೃತ್ತಿ, ಖಚಿತ ಪಿಂಚಣಿ. ಇನ್ನೊಬ್ಬರಿಗೆ 60ಕ್ಕೆ ನಿವೃತ್ತಿ, ಖಾತೆಯಲ್ಲಿ ಎಷ್ಟಿದೆಯೋ ಅಷ್ಟು. ಹಳೆಯ ಪದ್ಧತಿಯಲ್ಲಿ ಸರ್ಕಾರ ಮಾತು ಕೊಟ್ಟದ್ದು ಪಿಂಚಣಿಯ ಮೊತ್ತಕ್ಕೆ. ಹೊಸತರಲ್ಲಿ ಮಾತು ಕೊಡುವುದು ವಂತಿಗೆಯ ಮೊತ್ತಕ್ಕೆ ಮಾತ್ರ. ಕೇಂದ್ರದಲ್ಲಿ ನೌಕರನದ್ದು ಶೇ. 10, ಸರ್ಕಾರದ್ದು ಶೇ. 14. ಆ ಹಣ ಮಾರುಕಟ್ಟೆಯಲ್ಲಿ ಬೆಳೆದಷ್ಟು ಬೆಳೆಯುತ್ತದೆ. ಇಪ್ಪತ್ತು ವರ್ಷದ ಒತ್ತಾಯಕ್ಕೆ ಮಣಿದು ಕೇಂದ್ರ 2025ರ ಏಪ್ರಿಲ್ 1ರಿಂದ ಏಕೀಕೃತ ಪಿಂಚಣಿ ತಂದಿತು: 25 ವರ್ಷ ದುಡಿದವರಿಗೆ ಕೊನೆಯ 12 ತಿಂಗಳ ಸರಾಸರಿ ಮೂಲವೇತನದ ಅರ್ಧ.

ಈಗ ನಿಲ್ದಾಣದೊಳಗೆ ಬನ್ನಿ. ಬಾಗಿಲಲ್ಲಿ ಗುರುತುಚೀಟಿ ನೋಡುವ ಸಿಐಎಸ್‌ಎಫ್ ಜವಾನ, ಪಾಸ್‌ಪೋರ್ಟಿಗೆ ಮುದ್ರೆ ಒತ್ತುವವರು, ಕಸ್ಟಮ್ಸ್‌ನವರು ಕೇಂದ್ರ ಸರ್ಕಾರದವರು. ಇವರಿಗೆ ಮೇಲಿನ ಗೆರೆ ಅನ್ವಯ. ಜವಾನನಿಗೆ ಮುಷ್ಕರ ಹೂಡುವ ಹಕ್ಕೇ ಇಲ್ಲ. ಗೋಪುರದಲ್ಲಿ ಕೂತು ವಿಮಾನಗಳಿಗೆ ದಾರಿ ಹೇಳುವವರು ವಿಮಾನ ನಿಲ್ದಾಣ ಪ್ರಾಧಿಕಾರದ ನೌಕರರು. ನಿಲ್ದಾಣ ನಡೆಸುವವರು ಇನ್ನೊಬ್ಬರು: ಮಂಗಳೂರನ್ನು 2020ರ ಅಕ್ಟೋಬರ್ 31ರಂದು 50 ವರ್ಷದ ಗುತ್ತಿಗೆಯ ಮೇಲೆ ಅದಾನಿ ಸಮೂಹಕ್ಕೆ ವಹಿಸಲಾಯಿತು, 2018ರ ಡಿಸೆಂಬರ್ 9ರಂದು ತೆರೆದ ಕಣ್ಣೂರು ನಿಲ್ದಾಣ ಕೇರಳ ಸರ್ಕಾರದ ಪಾಲಿರುವ ಕಂಪನಿಯದ್ದು. ಚೀಲ ಹೊರುವವರು, ಮೆಟ್ಟಿಲ ಗಾಡಿ ತಳ್ಳುವವರು, ವಿಮಾನದ ಒಳಗೆ ಕಸ ಗುಡಿಸುವವರು ಹೆಚ್ಚಾಗಿ ಗುತ್ತಿಗೆದಾರರ ಕಡೆಯವರು.

ಕಡಿಮೆ ಪಿಂಚಣಿ ಇವರದ್ದೇ. ಲೋಡರ್‌ನ ಕೆಲಸ ಹತ್ತಿರದಿಂದ ನೋಡಿದರೆ ಗೊತ್ತಾಗುತ್ತದೆ. ಬೋಯಿಂಗ್ 737ರ ಹೊಟ್ಟೆಯೊಳಗೆ ನೆಟ್ಟಗೆ ನಿಲ್ಲಲು ಆಗುವುದಿಲ್ಲ. ಮಂಡಿಯೂರಿ, ಬೆಲ್ಟಿನ ಮೇಲೆ ಬರುವ ಒಂದೊಂದೇ ಪೆಟ್ಟಿಗೆಯನ್ನು ಕೈಯಿಂದ ಎಳೆದು ಒಳಗೆ ಪೇರಿಸಬೇಕು; ದೊಡ್ಡ ವಿಮಾನಗಳ ಹಾಗೆ ಕಂಟೈನರ್ ಇಲ್ಲ. ತಲೆಗೆ 30 ಕಿಲೋದಂತೆ 180 ಜನರ ಗಲ್ಫ್ ವಿಮಾನವೆಂದರೆ 5,400 ಕಿಲೋ, ಅದೂ ಹೆಚ್ಚೆಂದರೆ ಒಂದು ತಾಸಿನೊಳಗೆ. ಐವತ್ತು ದಾಟಿದ ಬೆನ್ನು ಈ ಕೆಲಸ ಎಷ್ಟು ದಿನ ತಾಳೀತು? ನಿವೃತ್ತಿ ವಯಸ್ಸು ಏರಿಸುವ ಮಾತು ಬಂದಾಗ ನಿಲ್ದಾಣದವರು ಮೊದಲು ಕೆರಳುವುದು ಇದಕ್ಕೇ.

ಇವರಿಗಿರುವುದು 1995ರ ನವೆಂಬರ್ 16ರಂದು ಜಾರಿಗೆ ಬಂದ ನೌಕರರ ಪಿಂಚಣಿ ಯೋಜನೆ, ಅಂದರೆ ಪಿಎಫ್ ಪಿಂಚಣಿ. ಮಾಲಿಕನ ಪಾಲಿನ ಶೇ. 12ರಲ್ಲಿ 8.33 ಇದಕ್ಕೆ ಹೋಗುತ್ತದೆ. 2014ರ ಸೆಪ್ಟೆಂಬರ್ 1ರಿಂದ ಇದ್ದ ಮಿತಿ ಹಿಡಿದರೆ ಸಂಬಳ ಎಷ್ಟೇ ಇರಲಿ 15,000 ರೂಪಾಯಿಗೇ ಲೆಕ್ಕ, ತಿಂಗಳಿಗೆ 1,250 ರೂಪಾಯಿ. ಸೂತ್ರ ಸುಲಭ: ಪಿಂಚಣಿಗೆ ಹಿಡಿಯುವ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಿ. ಹತ್ತು ವರ್ಷಕ್ಕೆ 2,143 ರೂಪಾಯಿ. ಇಪ್ಪತ್ತು ವರ್ಷ ತುಂಬಿದವರಿಗೆ ಎರಡು ವರ್ಷ ಸೇರಿಸುತ್ತಾರೆ, ಆಗ 4,714. 2014ರ ಬದಲಾವಣೆ ಇನ್ನೊಂದು ಪೆಟ್ಟು ಕೊಟ್ಟಿತು: ಕೊನೆಯ 12 ತಿಂಗಳ ಬದಲು 60 ತಿಂಗಳ ಸರಾಸರಿ ಹಿಡಿಯಲು ಶುರುಮಾಡಿದರು. ಕೇರಳ ಹೈಕೋರ್ಟ್ 2018ರ ಅಕ್ಟೋಬರಿನಲ್ಲಿ ಆ ತಿದ್ದುಪಡಿಗಳನ್ನು ರದ್ದು ಮಾಡಿತು, ಸುಪ್ರೀಂ ಕೋರ್ಟ್ 2022ರ ನವೆಂಬರ್ 4ರಂದು ಆ ತಿದ್ದುಪಡಿಗಳನ್ನೇ ಬಹುಪಾಲು ಎತ್ತಿಹಿಡಿಯಿತು. 60 ತಿಂಗಳು ಉಳಿಯಿತು.

ಗುತ್ತಿಗೆಯವನಿಗೆ ನಿಜವಾದ ತೊಡಕು ಬೇರೆ ಇದೆ. ಗುತ್ತಿಗೆದಾರ ಬದಲಾಗುತ್ತಾನೆ, ಕೆಲಸ ಅದೇ ಇರುತ್ತದೆ. ಪ್ರತಿಸಲ ಫಾರ್ಮ್ 10ಸಿ ತುಂಬಿ ಪಿಂಚಣಿ ಭಾಗದ ದುಡ್ಡು ತೆಗೆದುಬಿಟ್ಟರೆ ಅಲ್ಲಿಯವರೆಗಿನ ಸೇವೆ ಸೊನ್ನೆ; ಕನಿಷ್ಠ ಹತ್ತು ವರ್ಷ ಎಂದಿಗೂ ತುಂಬುವುದಿಲ್ಲ. ಹಾಗೆ ಮಾಡದೆ ಹಳೆಯ ಯುಎಎನ್ (ಕೆಲಸ ಬದಲಾದರೂ ಬದಲಾಗದ ಪಿಎಫ್ ನಂಬರ್) ಅನ್ನೇ ಹೊಸ ಗುತ್ತಿಗೆದಾರನಿಗೆ ಕೊಟ್ಟು ಖಾತೆ ವರ್ಗಾಯಿಸಬೇಕು. ಕೆಲಸ ಬಿಟ್ಟ ತಾರೀಖನ್ನು ಹಳಬ ನಮೂದಿಸಿದ್ದಾನೆಯೇ ಎಂದು ನೋಡಿಕೊಳ್ಳಬೇಕು, ವರ್ಗಾವಣೆ ಸಿಕ್ಕಿಬೀಳುವುದು ಹೆಚ್ಚಾಗಿ ಅಲ್ಲೇ. ಒಂಬತ್ತೂವರೆ ವರ್ಷ ದಾಟಿದ್ದರೆ ಹತ್ತೆಂದೇ ಲೆಕ್ಕ ಎಂಬುದನ್ನು ತಿಳಿಯದೆ ದುಡ್ಡು ತೆಗೆದು ಪಿಂಚಣಿ ಕಳೆದುಕೊಳ್ಳುವುದೂ ಉಂಟು.

ನಮ್ಮ ದೇಶದ ನಿಲ್ದಾಣಗಳಲ್ಲಿ ದೊಡ್ಡ ಮುಷ್ಕರಗಳು ಎದ್ದದ್ದು ಖಾಸಗೀಕರಣದ ಹೆಸರಲ್ಲಿ. ದೆಹಲಿ, ಮುಂಬೈ ನಿಲ್ದಾಣಗಳನ್ನು ಖಾಸಗಿಯವರಿಗೆ ಕೊಟ್ಟಾಗ 2006ರ ಫೆಬ್ರವರಿ 1ರಂದು ಪ್ರಾಧಿಕಾರದ ನೌಕರರು ಕೆಲಸ ನಿಲ್ಲಿಸಿದರು. ಬೆಂಗಳೂರು, ಹೈದರಾಬಾದಿನ ಹಳೆಯ ನಿಲ್ದಾಣಗಳನ್ನು ಮುಚ್ಚುವುದರ ವಿರುದ್ಧ 2008ರ ಮಾರ್ಚಿನಲ್ಲಿ ಮತ್ತೊಮ್ಮೆ. 2006ರಲ್ಲಿ ಗೋಪುರದವರು ಕೆಲಸಕ್ಕೆ ಬಂದಿದ್ದರಿಂದ ಹಾರಾಟ ಹೆಚ್ಚಾಗಿ ನಡೆಯಿತು. ಕೆಟ್ಟುಹೋದದ್ದು ಶೌಚಾಲಯ, ಕಸ, ಟ್ರಾಲಿ. ಕೂಗು ಖಾಸಗೀಕರಣದ ವಿರುದ್ಧವಾದರೂ ಒಳಗಿನ ಭಯ ಅದೇ ಆಗಿತ್ತು: ಮಾಲಿಕ ಬದಲಾದರೆ ಮುದಿತನಕ್ಕೆ ಯಾರು ದಿಕ್ಕು?

ಪ್ರಯಾಣಿಕನಿಗೆ ಮುಂಚಿತ ಸೂಚನೆ ಸಿಗುತ್ತದೆಯೇ ಎಂಬುದು ಕಾನೂನಿನ ಮೇಲಿದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧ ಸಂಹಿತೆಯ ಪ್ರಕಾರ ಮುಷ್ಕರಕ್ಕೆ 14 ದಿನದ ನೋಟಿಸ್ ಬೇಕು. ಅರ್ಧದಷ್ಟು ಅಥವಾ ಅದಕ್ಕಿಂತ ಹೆಚ್ಚು ಜನ ಒಟ್ಟಿಗೆ ಕ್ಯಾಶುವಲ್ ರಜೆ ಹಾಕಿದರೂ ಅದು ಮುಷ್ಕರವೇ. ಈ ಮಾತು ಕಾನೂನಿನಲ್ಲಿ ಇರುವುದು ಒಳ್ಳೆಯದೋ ಕೆಟ್ಟದ್ದೋ, 2024ರ ಮೇಯಲ್ಲಿ ಏನಾಯಿತೆಂದು ನಮ್ಮವರಿಗೆ ನೆನಪಿದೆ. ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಗಗನಸಖಿಯರೂ ಉಳಿದ ಕ್ಯಾಬಿನ್ ಸಿಬ್ಬಂದಿಯೂ ಒಟ್ಟಾಗಿ ಕಾಯಿಲೆ ರಜೆ ಹಾಕಿದರು. ಅದು ಪಿಂಚಣಿಯದ್ದಲ್ಲ, ಕಂಪನಿಗಳ ವಿಲೀನದ ನಂತರದ ಸೇವಾ ಷರತ್ತುಗಳ ತಕರಾರು. ಮೇ 9ರಂದು ದೆಹಲಿಯಲ್ಲಿ ಕಾರ್ಮಿಕ ಆಯುಕ್ತರ ಮುಂದೆ ರಾಜಿಯಾಗುವಷ್ಟರಲ್ಲಿ ಕಣ್ಣೂರಿನಲ್ಲಿ ಹಲವರು ಚೆಕ್-ಇನ್‌ಗೆ ಬಂದ ಮೇಲೆಯೇ ವಿಮಾನ ರದ್ದೆಂದು ತಿಳಿದು ನಿಂತಿದ್ದರು, ವೀಸಾ ಮುಗಿಯುವ ದಿನ ಎಣಿಸುತ್ತ.

ಅಂಥ ಹೊತ್ತಿನಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ: ಕೆಲಸ ನಿಲ್ಲಿಸಿದವರು ಯಾರ ನೌಕರರು? ಯುರೋಪಿನಿಂದ ಹೊರಡುವ ವಿಮಾನವಾದರೆ ಉತ್ತರಕ್ಕೆ ಬೆಲೆಯಿದೆ. ವಿಮಾನ ಕಂಪನಿಯ ಸ್ವಂತ ಸಿಬ್ಬಂದಿಯ ಮುಷ್ಕರವಾದರೆ 250ರಿಂದ 600 ಯೂರೋವರೆಗೆ ಪರಿಹಾರ ಕೇಳಬಹುದು. ನಿಲ್ದಾಣದ ತಪಾಸಣೆಯವರದ್ದಾದರೆ ಪರಿಹಾರವಿಲ್ಲ, ಊಟ, ವಸತಿ, ಬದಲಿ ವಿಮಾನ ಮಾತ್ರ. ಭಾರತದಲ್ಲಿ ವಿಮಾನಯಾನವನ್ನು ನಿಯಂತ್ರಿಸುವ ಡಿಜಿಸಿಎಯ ನಿಯಮ ಮುಷ್ಕರವನ್ನು ಕಂಪನಿಯ ಕೈಮೀರಿದ ಕಾರಣಗಳ ಪಟ್ಟಿಗೆ ಸೇರಿಸಿರುವುದರಿಂದ ಪರಿಹಾರದ ದುಡ್ಡು ಸಿಗುವುದಿಲ್ಲ. ಆದರೆ ಟಿಕೆಟ್ಟಿನ ಹಣ ಅಥವಾ ಬದಲಿ ವಿಮಾನ, ಇವೆರಡರಲ್ಲಿ ಒಂದನ್ನು ಆರಿಸುವ ಹಕ್ಕು ಪ್ರಯಾಣಿಕನದ್ದು. ಕೌಂಟರಿನಲ್ಲಿ ಅವಸರಕ್ಕೆ ಹಣ ವಾಪಸು ಎಂದು ಒಪ್ಪಿಕೊಂಡರೆ ಬದಲಿ ವಿಮಾನದ ಹಕ್ಕು ಅಲ್ಲಿಗೇ ಮುಗಿಯುತ್ತದೆ. ಆಮೇಲೆ ಬೇರೆ ಟಿಕೆಟ್ ಕೊಳ್ಳುವಾಗ ಅವತ್ತಿನ ದರ ಎಷ್ಟಿದೆಯೋ ಅಷ್ಟು ತೆರಬೇಕು. ವೀಸಾ ಗಡುವು ಇರುವವರು ಬದಲಿ ವಿಮಾನಕ್ಕೇ ಪಟ್ಟು ಹಿಡಿಯುವುದು ಲೇಸು.

ಬಜ್ಪೆಯಲ್ಲಿ ಸಿಗದಿದ್ದರೆ ಕಣ್ಣೂರು ಅಥವಾ ಕೋಝಿಕ್ಕೋಡಿನಿಂದ ಕೊಡಿ ಎಂದು ಹೆಸರು ಹಿಡಿದೇ ಕೇಳಿ. ಕಾಸರಗೋಡು ಪೇಟೆಯಿಂದ ಬಜ್ಪೆ ಸುಮಾರು 65 ಕಿಲೋಮೀಟರ್, ಮಟ್ಟನ್ನೂರಿನ ಕಣ್ಣೂರು ನಿಲ್ದಾಣ 110ಕ್ಕೂ ಮೇಲೆ, ಆದರೂ ಒಂದು ಹಗಲಿನ ದಾರಿಯೇ. ಏಜೆಂಟರ ಮೂಲಕ ಟಿಕೆಟ್ ಮಾಡಿಸಿದ್ದರೆ ಅದರಲ್ಲಿ ನಿಮ್ಮದೇ ಫೋನ್ ನಂಬರ್ ಇದೆಯೇ ನೋಡಿ. ರದ್ದಾದ ಸಂದೇಶ ಏಜೆಂಟರ ಫೋನಿಗೆ ಹೋಗಿ ಅಲ್ಲೇ ಉಳಿದುಬಿಡುವುದು ಉಂಟು. ಯುಎಇಯ ಸಾಮಾನ್ಯ ವಾಸ ವೀಸಾ ಇದ್ದವರು ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ಅದು ಬಿದ್ದುಹೋಗುತ್ತದೆ, ಆದ್ದರಿಂದ ಮರಳುವ ಟಿಕೆಟನ್ನು ಕೊನೆಯ ವಾರಕ್ಕೆ ಇಟ್ಟುಕೊಳ್ಳಬೇಡಿ. ವಿಮಾನ ರದ್ದಾದ ದಿನವೇ, ಕೌಂಟರ್ ಬಿಡುವ ಮೊದಲು, ವಿಮಾನದ ಸಂಖ್ಯೆ, ತಾರೀಖು, ಕಾರಣ ಬರೆದ ಪತ್ರವೊಂದನ್ನು ಕಂಪನಿಯಿಂದ ಕೇಳಿ ತೆಗೆದುಕೊಳ್ಳಿ. ದುಬಾಯಿಯ ಮುದೀರನಿಗೆ, ಅಂದರೆ ಮ್ಯಾನೇಜರನಿಗೆ, ತೋರಿಸಲು ಅದು ಬೇಕಾಗುತ್ತದೆ.